ಅವಳ ವಜ್ರದ ಬಿಲ್ಲೆ ಕೆಡಿಸಿದ್ದು ನಾನು

ಮಂಡ್ಯದಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದಾಗ ನಮ್ಮ ಪ್ರಯೋಗಾಲಯದಲ್ಲಿ ಮಳವಳ್ಳಿ ಕಡೆಯ ಹುಡುಗಿಯೊಬ್ಬಳಿದ್ದಳು. ನನಗಿಂತ ಎರಡು ವರ್ಷ ಕಿರಿಯಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಗುತ್ತಲಿನ ನಮ್ಮ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದಾಳೆ.

ಕಬ್ಬಿನ ಗದ್ದೆಯಿಂದ ಹರಿದು ಬರುವ ನೀರಿನಲ್ಲಿ ಕೀಟನಾಶಕ ಎಷ್ಟಿದೆಯೆಂದು ಹೇಳುವ ಎಲೆಕ್ಟ್ರೋಡ್ ಮಾಡುವುದು ಅವಳ ಕೆಲಸ. ಅದಕ್ಕೆ ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆ, ಅದರ ಮೇಲೆ ವಜ್ರದ ತೆಳುಪದರ. ವಜ್ರ ಸುಮ್ಮನೆ ಯಾವುದನ್ನೂ ಅಂಟಿಸಿಕೊಳ್ಳುವುದಿಲ್ಲ. ಮೊದಲು ಅದರ ಮೈಗೆ ಹೈಡ್ರೋಜನ್ ಹೊದಿಸಬೇಕು, ಆಮೇಲೆ ಅಲ್ಟ್ರಾವಯಲೆಟ್ ದೀಪದ ಕೆಳಗಿಟ್ಟು ಬೇಕಾದ ಅಣುಗಳನ್ನು ಕೂರಿಸಬೇಕು. ಹೈಡ್ರೋಜನ್ ಹೊದಿಸುವ ಯಂತ್ರ ನಮ್ಮಲ್ಲಿರಲಿಲ್ಲ. ತಿಂಗಳುಗಟ್ಟಲೆ ಕಾದು, ಬೆಂಗಳೂರಿನಲ್ಲಿ ಆ ಕೆಲಸ ಮಾಡಿಸಿಕೊಂಡು, ಪುಟ್ಟ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಬಂದಿದ್ದಳು. ಅವಳಿಗಿದ್ದದ್ದು ಅದೊಂದೇ ಬಿಲ್ಲೆ.

ಮರುದಿನ ಬೆಳಿಗ್ಗೆ ಅವಳು ಲೈಬ್ರರಿಗೆ ಹೋಗಿದ್ದಳು. ನನ್ನ ಎಲೆಕ್ಟ್ರೋಡ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ದೋಷ ವೋಲ್ಟ್ ಕೊಡುವ ಯಂತ್ರದ್ದೋ ನನ್ನ ಬಿಲ್ಲೆಯದ್ದೋ ನೋಡೋಣವೆಂದು, ಕೇಳದೆ, ಅವಳ ಬಿಲ್ಲೆಯನ್ನು ತೆಗೆದು ಆಮ್ಲದಲ್ಲಿ ಇಳಿಸಿದೆ. ಮೈನಸ್ ಎರಡು ವೋಲ್ಟ್ ಕೊಡಬೇಕಿತ್ತು. ಮೈನಸ್ ಒತ್ತುವುದನ್ನು ಮರೆತೆ, ವಿದ್ಯುತ್ ಉಲ್ಟಾ ಹರಿಯಿತು. ಐದು ನಿಮಿಷ ಕಳೆದ ಮೇಲೆ ಗೊತ್ತಾಯಿತು. ಬಿಲ್ಲೆಯ ಬಣ್ಣ, ಹೊಳಪು ಯಾವುದೂ ಬದಲಾಗಿರಲಿಲ್ಲ. ಮೇಲೊಂದು ಹನಿ ನೀರು ಬಿಟ್ಟೆ. ಕೆಸುವಿನೆಲೆಯ ಮೇಲಿನಂತೆ ದುಂಡಗೆ ನಿಲ್ಲಬೇಕಾಗಿದ್ದ ಹನಿ ಹರಡಿಕೊಂಡಿತು. ಹೈಡ್ರೋಜನ್ ಹೋಗಿತ್ತು, ಅದರ ಜಾಗದಲ್ಲಿ ಆಕ್ಸಿಜನ್ ಬಂದು ಕೂತಿತ್ತು. ಒರೆಸಿ, ಒಣಗಿಸಿ, ಡಬ್ಬಿಗೆ ಹಾಕಿಟ್ಟೆ.

ಸಂಜೆ ಹೇಳೋಣ ಎಂದುಕೊಂಡೆ. ಹೇಳಲಿಲ್ಲ.

ಅವಳು ಮೂರು ವಾರ ಆ ಬಿಲ್ಲೆಯ ಜೊತೆ ಹೆಣಗಿದಳು. ತೊಳೆದಳು, ದೀಪದ ಕೆಳಗಿಟ್ಟಳು, ಮತ್ತೆ ತೊಳೆದಳು. ಏನೂ ಅಂಟಲಿಲ್ಲ. ತೊಳೆಯುವಾಗಲೇ ಕೆಡಿಸಿರಬೇಕೆಂದು ನಮ್ಮ ಗೈಡ್ ತೀರ್ಮಾನಿಸಿದರು. ಎಲ್ಲರೆದುರಿಗೆ, "ಈ ಕೆಲಸಕ್ಕೆ ನಿನ್ನ ಕೈ ಆಗೋದಲ್ಲಮ್ಮ" ಎಂದರು. ನಾನು ಪಕ್ಕದ ಸಿಂಕಿನಲ್ಲಿ, ಆಗಲೇ ತೊಳೆದಿಟ್ಟಿದ್ದ ಬೀಕರನ್ನು ಮತ್ತೆ ತೊಳೆಯುತ್ತಿದ್ದೆ. ಆ ವರ್ಷವೇ ಅವಳು ಸಂಶೋಧನೆ ಬಿಟ್ಟು ಹೋದಳು. ನನಗೆ ಡಾಕ್ಟರೇಟ್ ಬಂತು.

ಈ ವರ್ಷ ಪಿಯುಸಿ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕಳಾಗಿ ಮಳವಳ್ಳಿಯ ಕಾಲೇಜೊಂದಕ್ಕೆ ಹೋದೆ. ಭಾರತೀನಗರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಬಸ್ಸು ಸಿಕ್ಕಿಕೊಂಡು, ತಡವಾಗಿ ತಲುಪಿದೆ. ಬಾಗಿಲಲ್ಲಿ ನಿಂತಿದ್ದವಳು ಅವಳೇ. ಅಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ಸಂತೋಷದಿಂದ ಕೈ ಹಿಡಿದುಕೊಂಡು, ನಮ್ಮಕ್ಕ ಎಂದು ಎಲ್ಲರಿಗೂ ಪರಿಚಯ ಮಾಡಿಸಿದಳು.

ಪರೀಕ್ಷೆ ನಡೆಯುವಾಗ ಒಂದು ವಿಷಯ ಗಮನಿಸಿದೆ. ದ್ರಾವಣ ಅಳೆಯುವುದು, ಮಕ್ಕಳಿಗೆ ಹಂಚುವುದು, ಎಲ್ಲವನ್ನೂ ಅಟೆಂಡರ್ ಮಾಡುತ್ತಿದ್ದರು. ಇವಳು ದೂರ ನಿಂತು ಹೇಳುತ್ತಿದ್ದಳಷ್ಟೆ. ಯಾಕೆಂದು ಕೇಳಿದೆ.

"ಅಳತೆ ಕೆಲ್ಸ ನನ್ ಕೈಲಾಗಕಿಲ್ಲ ಕಣಕ್ಕ. ಅವತ್ತು ಅಷ್ಟು ಒಳ್ಳೆ ಬಿಲ್ಲೆ ಕೆಡಿಸ್ದೋಳು ನಾನೇ ಅಲ್ವ," ಎಂದು ನಕ್ಕಳು.

ಮಕ್ಕಳೆಲ್ಲ ಹೋದ ಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಎಷ್ಟು ವೋಲ್ಟ್, ಎಷ್ಟು ಹೊತ್ತು ಎಂದು ಕೇಳಿದಳು. ಹೇಳಿದೆ. "ಮೂರು ವಾರ ತೊಳ್ದೆ. ನೀವು ಪಕ್ಕದಲ್ಲೇ ನಿಂತು ನೋಡ್ತಿದ್ರಿ," ಎಂದಳು.

ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಂಗೆ ಏಳಿದ್ದು ಸಾಲ್ದು ಕಣಕ್ಕ. ಸಾರ್‌ಗೂ ಬರೀರಿ."

ಅಷ್ಟು ಹೇಳಿ ಉತ್ತರಪತ್ರಿಕೆಗಳನ್ನು ಜೋಡಿಸತೊಡಗಿದಳು. ನಾನು ಒಬ್ಬಳೇ ಬಸ್ ಸ್ಟ್ಯಾಂಡಿಗೆ ನಡೆದೆ.

ಗೈಡ್ ಈಗ ನಿವೃತ್ತರು. ಆ ವಾರವೇ ಅವರಿಗೆ ಎಲ್ಲವನ್ನೂ ಬರೆದೆ. ಹಳೆಯದನ್ನು ಈಗ ಯಾಕೆ ಕೆದಕುತ್ತೀರಿ ಎಂದು ಎರಡು ಸಾಲಿನ ಉತ್ತರ ಬಂತು. ನನ್ನ ಪತ್ರ, ಅವರ ಉತ್ತರ ಎರಡನ್ನೂ ಅವಳಿಗೆ ವಾಟ್ಸಾಪ್ ಮಾಡಿದೆ. ಓದಿದ್ದಾಳೆ. ಏನೂ ಬರೆದಿಲ್ಲ. ನಾನಾಗಿ ಫೋನ್ ಮಾಡುವ ಮುಖ ನನಗಿಲ್ಲ.