ಕನಕರಾಜನ ಪರೀಕ್ಷೆ ಬರೆದ ಪಕ್ಕೀರಮ್ಮ

ಪಕ್ಕೀರಮ್ಮ ಮೊದಲ ಸಲ ನಮ್ಮ ಕಾಲೇಜಿಗೆ ಬಂದದ್ದು ಓದಲಿಕ್ಕಲ್ಲ. ಕೊಟ್ಟೂರಿನ ನಮ್ಮದು ಸಣ್ಣ ಕಲಾ ಕಾಲೇಜು. ಏಳು ಕೋಣೆ, ನೂರ ನಲವತ್ತು ಮಕ್ಕಳು, ಇತಿಹಾಸಕ್ಕೆ ನಾನೊಬ್ಬನೇ ಮೇಷ್ಟ್ರು. ಅಂದು ಬಿ.ಎ. ಮೊದಲ ಸೆಮಿಸ್ಟರಿನ ಪರೀಕ್ಷೆ. ಕಣ್ಣು ಕಾಣದ ಹುಡುಗ ಕನಕರಾಜ ಒಬ್ಬ ಹೆಂಗಸಿನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿ ಬಂದ. ಆಕೆಯ ಕೊರಳಲ್ಲಿ ಹೊಲಿಗೆಯ ಅಳತೆ ಪಟ್ಟಿ ಹಾಗೇ ಜೋತಾಡುತ್ತಿತ್ತು.

"ಇವರು ನಮ್ಮ ಬಾಜು ಮನಿ ಅಕ್ಕ, ಸರ್. ನಾ ಹೇಳಿದ್ದು ಇವ್ರು ಬರೀತಾರ," ಎಂದ ಕನಕರಾಜ.

ಅದಕ್ಕೆ ನಿಯಮವಿದೆ. ಬರೆಯುವವರು ಪರೀಕ್ಷೆಗೆ ಕೂತವರಿಗಿಂತ ಕಡಿಮೆ ಓದಿರಬೇಕು. ನಾನು ಆಕೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿದೆ, ಪಾಸಾಗಿದ್ದಳು. ಪಿಯುಸಿಗೆ ಸೇರಿದ ವರ್ಷವೇ ಮದುವೆಯಾಗಿ ಓದು ಅಲ್ಲಿಗೆ ನಿಂತಿತ್ತು. ಆಗ ಆಕೆಗೆ ಇಪ್ಪತ್ತೊಂಬತ್ತು. ಗಂಡ ಮಾರೇಶ ಲೈನ್‌ಮನ್. ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಪಕ್ಕೀರಮ್ಮ ರವಿಕೆ ಹೊಲಿಯುತ್ತಿದ್ದಳು.

ಕನಕರಾಜ ಕೂಡ್ಲಿಗಿ ಕಡೆಯ ಹೊಸಹಳ್ಳಿಯವ, ಕುರಿ ಸಾಕುವ ಮನೆಯ ಮಗ. ಏಳನೆಯ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗಿತ್ತು. ಕೊಟ್ಟೂರಿನಲ್ಲಿ ಪಕ್ಕೀರಮ್ಮನ ಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಬಾಡಿಗೆಗಿದ್ದ. ಪಾಠಗಳನ್ನೆಲ್ಲ ಫೋನಿನಲ್ಲಿ ಕೇಳಿಕೊಂಡೇ ಓದುತ್ತಿದ್ದ. ಒಮ್ಮೆ ಫೋನು ಕೆಟ್ಟಾಗ ಪುಸ್ತಕ ಹಿಡಿದು ಆಕೆಯ ಬಾಗಿಲಿಗೆ ಬಂದು, "ಅಕ್ಕಾ, ಎರಡು ಪುಟ ಓದಿ ಹೇಳ್ತೀರೇನ್ರಿ?" ಎಂದು ಕೇಳಿದ್ದ. ಆಕೆ ಮಿಷನ್ ನಿಲ್ಲಿಸಿ ಓದಿದಳು. ಎಲ್ಲೆಂದರಲ್ಲಿ ತಡವರಿಸುತ್ತಿದ್ದಳು. "ಚುಕ್ಕಿ ಬಂದಲ್ಲಿ ಉಸಿರು ತಗೋರಿ ಅಕ್ಕಾ, ನಡುವ ಬ್ಯಾಡ್ರಿ," ಎಂದು ಅವನೇ ತಿದ್ದಿದ. ಫೋನು ರಿಪೇರಿಯಾಗಿ ಬಂದ ಮೇಲೂ ಓದುವುದು ನಿಲ್ಲಲಿಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ಇತಿಹಾಸ, ಇಲ್ಲವೇ ಸಮಾಜಶಾಸ್ತ್ರ, ಇಲ್ಲವೇ ಕನ್ನಡ.

ಹೀಗೆ ನಾಲ್ಕು ಸೆಮಿಸ್ಟರ್ ಕಳೆದವು. ಐದನೆಯದರ ಇತಿಹಾಸದ ಪರೀಕ್ಷೆಯಲ್ಲಿ ಮರಾಠರಿಗೂ ಇಂಗ್ಲಿಷರಿಗೂ ಆದ ಸಾಲ್ಬಾಯಿ ಒಪ್ಪಂದದ ಬಗ್ಗೆ ಹತ್ತು ಅಂಕದ ಪ್ರಶ್ನೆ ಬಂತು. ಕನಕರಾಜ ಗಡಿಬಿಡಿಯಲ್ಲಿ ಬೇಸಿನ್ ಒಪ್ಪಂದದ ಸಂಗತಿಯನ್ನೆಲ್ಲ ಹೇಳತೊಡಗಿದ. ಇಪ್ಪತ್ತು ವರ್ಷ ಆಚೆಯದು, ಬೇರೆಯೇ ಯುದ್ಧದ್ದು. ಅವರಿಬ್ಬರಿಗೆ ಕೊಟ್ಟಿದ್ದು ಪ್ರತ್ಯೇಕ ಕೋಣೆ. ಮೇಲ್ವಿಚಾರಕರು ನೀರು ಕುಡಿಯಲು ಹೊರಗೆ ಹೋಗಿದ್ದರು. ಒಂದು ಮಾತು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪಕ್ಕೀರಮ್ಮ ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಳು.

ಸಂಜೆ ಮನೆಯಲ್ಲಿ ಕನಕರಾಜನಿಗೇ ಅನುಮಾನ ಬಂತು. ಪುಸ್ತಕ ತೆಗೆಸಿ ಆ ಪುಟ ಓದಿಸಿದ. ತಾನು ಹೇಳಿದ್ದು ತಪ್ಪೆಂದು ಗೊತ್ತಾಯಿತು.

"ಅಕ್ಕಾ, ಬರೀವಾಗ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಪೇಪರ್ ನಿಂದಪ್ಪ. ನಾ ಹೇಳಿದ್ರ ಅದು ನಿಂದು ಹೆಂಗ ಆಕ್ಕಿತ್ತು?"

ಹತ್ತು ಅಂಕ ಹೋದ ಸಂಕಟ ಅವನಿಗಿಂತ ಆಕೆಗೇ ಹೆಚ್ಚಾಗಿತ್ತು. ಕನಕರಾಜ ಸಿಟ್ಟು ಮಾಡಲಿಲ್ಲ. "ಹಂಗಾರ ನಿಮ್ಮ ಪೇಪರ್ ಯಾವಾಗ ಬರೀತೀರಿ?" ಎಂದ.

ಮರುದಿನ ಅವನೇ ನನ್ನ ಹತ್ತಿರ ಬಂದು ಎಲ್ಲ ಹೇಳಿದ. ನಾನು ಸೇವೆಗೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಪಾಠ ಬಾಯಿಗೆ ಬಂದವರನ್ನು ಬಹಳ ನೋಡಿದ್ದೇನೆ. ಬಂದದ್ದನ್ನು ಹೀಗೆ ಹೊಟ್ಟೆಯಲ್ಲಿಟ್ಟುಕೊಂಡು ಕೂತವರನ್ನು ನೋಡಿರಲಿಲ್ಲ. ಅಂದೇ ಆಕೆಯ ಮನೆಗೆ ಹೋದೆ. "ಪಿಯುಸಿ ಖಾಸಗಿಯಾಗಿ ಕಟ್ರಿ, ಆಮೇಲೆ ನಮ್ಮಲ್ಲಿಗೇ ಬರ್ರಿ," ಎಂದೆ. ಪಕ್ಕೀರಮ್ಮ ಗಂಡನ ಮುಖ ನೋಡಿದಳು.

"ನನ್ನ ಯಾಕ ನೋಡ್ತಿ? ಓದೋದು ನೀನು," ಎಂದ ಮಾರೇಶ. ಆಮೇಲೆ ನನ್ನ ಕಡೆ ತಿರುಗಿ, "ಮೂರು ವರ್ಷದಿಂದ ಈಕಿ ಓದೋದು ಕೇಳಿ ಕೇಳಿ ನನಗೂ ಅರ್ಧ ಬರ್ತತಿ ಬಿಡ್ರಿ ಸರ್," ಎಂದು ನಕ್ಕ.

ಪಿಯುಸಿ ಸುಲಭವಾಗಲಿಲ್ಲ. ಮೊದಲ ಸಲ ಇಂಗ್ಲಿಷ್‌ನಲ್ಲಿ ಫೇಲಾದಳು. ಅಷ್ಟರಲ್ಲಿ ಕನಕರಾಜ ಬಿ.ಎ. ಮುಗಿಸಿ ಎಂ.ಎ. ಓದಲು ಬೇರೆ ಊರಿಗೆ ಹೋಗಿದ್ದ. ಅವನು ಅಲ್ಲಿಂದಲೇ ಇಂಗ್ಲಿಷ್ ಪಾಠಗಳನ್ನು ತನ್ನ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸತೊಡಗಿದ. ಪಕ್ಕೀರಮ್ಮ ಗುಂಡಿ ಹಚ್ಚುತ್ತಾ ಕೇಳಿದಳು, ಕಾಜಾ ತೆಗೆಯುತ್ತಾ ಕೇಳಿದಳು. ಎರಡನೆಯ ಸಲ ಪಾಸಾಯಿತು.

ಮೂವತ್ತನಾಲ್ಕನೆಯ ವಯಸ್ಸಿಗೆ ಬಿ.ಎ. ಸೇರಿದಳು. ಹದಿನೆಂಟರ ಹುಡುಗಿಯರ ನಡುವೆ ಮೊದಲ ವಾರ ಹಿಂದಿನ ಬೆಂಚು ಬಿಟ್ಟು ಏಳಲಿಲ್ಲ. ಒಂದು ದಿನ ಸಮಾಜಶಾಸ್ತ್ರದ ಸೌಭಾಗ್ಯ ಮೇಡಂ ಅಸಂಘಟಿತ ವಲಯ ಎಂದರೇನು ಎಂದು ಪಾಠ ಮಾಡುತ್ತಿದ್ದರು. ಹಿಂದಿನಿಂದ ಪಕ್ಕೀರಮ್ಮ ಎದ್ದು ನಿಂತು, "ಮೇಡಂ, ಅಂದ್ರ ಅದು ನಾನಾ?" ಎಂದಳು. ತರಗತಿ ನಕ್ಕಿತು. ಮೇಡಂ ನಗಲಿಲ್ಲ. "ಹೌದು, ನೀವೇ. ಮುಂದೆ ಬಂದು ಹೇಳ್ರಿ," ಎಂದು ಕರೆದರು. ಪಕ್ಕೀರಮ್ಮ ತನ್ನ ಕೆಲಸಕ್ಕೆ ರಜೆ ಇಲ್ಲದ್ದು, ಬೆನ್ನು ನೋವು, ಮದುವೆ ಸೀಜನ್ನಿನ ಅವಸರ, ಎಲ್ಲವನ್ನೂ ಬಿಡಿಸಿ ಹೇಳಿದಳು. ಅರ್ಧ ತಾಸು ಯಾರೂ ಅಲುಗಾಡಲಿಲ್ಲ ಎಂದು ಮೇಡಂ ಸ್ಟಾಫ್ ರೂಮಿಗೆ ಬಂದು ಹೇಳಿದರು.

ಆಕೆಯ ಸ್ವಂತ ಮೊದಲ ಪರೀಕ್ಷೆಯ ದಿನ ಆ ಕೋಣೆಯಲ್ಲಿ ನಾನೇ ಮೇಲ್ವಿಚಾರಕ. ಪ್ರಶ್ನೆಪತ್ರಿಕೆ ಕೊಟ್ಟು ಹತ್ತು ನಿಮಿಷವಾದರೂ ಪಕ್ಕೀರಮ್ಮ ಪೆನ್ನು ಹಾಳೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಹತ್ತಿರ ಹೋಗಿ, "ಆರಾಮ ಅದೀರೇನ್ರಿ?" ಎಂದೆ.

"ಎಲ್ಲಾ ಬರ್ತತಿ ಸರ್," ಎಂದಳು ಮೆಲ್ಲಗೆ. "ಯಾರೂ ಹೇಳವಲ್ರು. ಕೈ ಓಡವಲ್ದು."

ಪರೀಕ್ಷೆಯ ಕೋಣೆಯಲ್ಲಿ ನಾನು ಏನೂ ಹೇಳುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆಯ ತುಟಿ ಅಲುಗಾಡತೊಡಗಿತು. ತನಗೆ ತಾನೇ ಉಕ್ತಲೇಖನ ಕೊಟ್ಟುಕೊಳ್ಳುತ್ತಿದ್ದಳು. ಮುಂದಿನ ಹುಡುಗಿ ತಿರುಗಿ ನೋಡಿದಳು. ನಾನು ಸನ್ನೆ ಮಾಡಿದ ಮೇಲೆ ದನಿ ಒಳಗೆ ಹೋಯಿತು, ಪೆನ್ನು ಮಾತ್ರ ನಿಲ್ಲಲಿಲ್ಲ. ಕೊನೆಯ ಗಂಟೆ ಹೊಡೆದಾಗ ಉತ್ತರ ಪತ್ರಿಕೆಯಲ್ಲಿ ಅರ್ಧ ಪುಟವೂ ಖಾಲಿ ಉಳಿದಿರಲಿಲ್ಲ.

ಮೂರು ವರ್ಷದಲ್ಲಿ ಬಿ.ಎ. ಮೊದಲ ದರ್ಜೆಯಲ್ಲಿ ಮುಗಿಯಿತು. ಈಗ ಕನಕರಾಜ ಹರಪನಹಳ್ಳಿಯ ಪಿಯು ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತಾನೆ. ಪಕ್ಕೀರಮ್ಮ ಹೊಲಿಗೆ ಬಿಟ್ಟಿಲ್ಲ. ಅದರ ಜೊತೆಗೇ ದೂರಶಿಕ್ಷಣದಲ್ಲಿ ಎಂ.ಎ. ಮಾಡುತ್ತಿದ್ದಾಳೆ. ಕಿರುಪ್ರಬಂಧಕ್ಕೆ ಆರಿಸಿಕೊಂಡಿರುವುದು ಹೂವಿನಹಡಗಲಿಯ ಮಲ್ಲಿಗೆ ಬಿಡಿಸುವ ಹೆಂಗಸರ ಕೆಲಸದ ಚರಿತ್ರೆ.

ಹೋದ ತಿಂಗಳು ನಾನೂ ಜೊತೆಗೆ ಹೋಗಿದ್ದೆ. ಬೆಳಗಿನ ಆರಕ್ಕೇ ಆಕೆ ತೋಟದಲ್ಲಿದ್ದಳು. ಹೂ ಬಿಡಿಸುತ್ತಿದ್ದ ಮುದುಕಿಯೊಬ್ಬಳು, "ನಮ್ಮದೇನು ಬರೀತೀಯವ್ವ? ನಾವೇನು ರಾಜರಾ?" ಎಂದಳು. ಪಕ್ಕೀರಮ್ಮ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ, ಸೆರಗು ಸಿಕ್ಕಿಸಿ, ಮುದುಕಿಯ ಪಕ್ಕದ ಸಾಲಿನಲ್ಲಿ ತಾನೂ ಮೊಗ್ಗು ಬಿಡಿಸತೊಡಗಿದಳು. ಎರಡು ಸಾಲು ಮುಗಿಯುವ ಹೊತ್ತಿಗೆ ಮುದುಕಿ ತಾನಾಗಿಯೇ ಮಾತಿಗಿಳಿದಿದ್ದಳು.