ಟೋಕನ್ ಇಲ್ಲದವರು

ಹೋದ ತಿಂಗಳು ಧಾರವಾಡದ ಮನೆಯಲ್ಲಿ ಅಡುಗೆಮನೆಯ ಕಪಾಟು ಖಾಲಿ ಮಾಡುವಾಗ ಡಬ್ಬಿಗಳ ಕೆಳಗೆ ಹಾಸಿದ್ದ ಹಳೆಯ ಪ್ರಿಂಟರ್ ಕಾಗದ ಕೈಗೆ ಬಂತು. ಎರಡೂ ಅಂಚಿಗೆ ಸಾಲು ತೂತುಗಳು, ನಡುವೆ ಮಾಸಿದ ಅಂಕಿಗಳು. ವಡೋದರಾದಿಂದ ಸಾಮಾನಿನ ಜೊತೆ ಬಂದದ್ದು. ಮೂಗಿಗೆ ಹಿಡಿದರೆ ಜೀರಿಗೆಯ ವಾಸನೆ, ಅದರಡಿಯಲ್ಲಿ ಇನ್ನೂ ಒಂಚೂರು ರಿಬ್ಬನ್ ಶಾಯಿಯದು... ರೆಕಾರ್ಡ್ ರೂಮಿನ ಕಾಕಾ ನೆನಪಾದರು. ಕಪಾಟಿನ ಕೆಲಸ ಅಲ್ಲಿಗೇ ನಿಂತಿತು.

ತೊಂಬತ್ತರ ದಶಕದ ಮಾತು. ವಡೋದರಾದ ಹೊರವಲಯದ ಒಂದು ಬಣ್ಣದ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ವಿಭಾಗದವನು. ಅಲ್ಲಿದ್ದ ಎರಡು ಯಂತ್ರಗಳು ಮಾತುಬಿಟ್ಟ ಓರಗಿತ್ತಿಯರಂತಿದ್ದವು. ಹಾಜರಿಯೆಲ್ಲ ಹಳೆಯ ದೊಡ್ಡ ಯಂತ್ರದ ಟೇಪುಗಳಲ್ಲಿ, ಕಾಯಂ ಕೆಲಸಗಾರರ ಟೋಕನ್ ಬಿಲ್ಲೆಯ ನಂಬರಿನ ಮೇಲೆ. ದವಾಖಾನೆಯ ದಾಖಲೆ ಹೊಸ ಕಂಪ್ಯೂಟರಿನಲ್ಲಿ, ಬೇರೆಯದೇ ನಂಬರಿನ ಮೇಲೆ. ಎರಡನ್ನೂ ಕೂಡಿಸಿ ಏನಾದರೂ ಬೇಕೆಂದರೆ ಕಾಕಾನೇ ಬೇಕು. ಎರಡೂ ಕಡೆಯ ಪ್ರಿಂಟು ಮೇಜಿನ ಮೇಲೆ ಹರಡಿ, ಫುಟ್‌ಪಟ್ಟಿ ಇಟ್ಟು, ಸಾಲು ಸಾಲೇ ಹೊಂದಿಸುತ್ತಿದ್ದರು. ವಾರಗಟ್ಟಲೆ ಹಿಡಿಯುತ್ತಿತ್ತು. ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಎರಡೂ ಯಂತ್ರಗಳಿಂದ ತಾನೇ ಮಾಹಿತಿ ಎಳೆದು ಹೊಂದಿಸುವ ಪ್ರೋಗ್ರಾಮ್ ಬರೆದೆ. ಅದು ಮುಗಿಯುವುದಕ್ಕೂ ಮೇಲಿನಿಂದ ಒಂದು ಆದೇಶ ಬರುವುದಕ್ಕೂ ಸರಿಹೋಯಿತು. ಮುಚ್ಚಿಹೋಗಿದ್ದ ಒಂದು ವಿಭಾಗದಲ್ಲಿ ಹಿಂದೆ ದುಡಿದವರನ್ನೆಲ್ಲ ಹುಡುಕಿ ತಪಾಸಣೆ ಮಾಡಿಸಬೇಕು. ಅಲ್ಲಿನ ರಾಸಾಯನಿಕ ಎಷ್ಟೋ ವರ್ಷಗಳ ಮೇಲೆ ಮೂತ್ರಕೋಶದ ಕ್ಯಾನ್ಸರ್ ತರಬಹುದು, ಬೇಗ ಗೊತ್ತಾದರೆ ಉಳಿಸಬಹುದು ಎಂದಿದ್ದರು ಡಾಕ್ಟರು. ಒಂದು ಚಹಾ ಮುಗಿಯುವುದರೊಳಗೆ ಪಟ್ಟಿ ಹೊರಬಂತು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಕಾಕಾ ಪಟ್ಟಿ ನೋಡಿ ಮೆಲ್ಲಗೆ, "ಸಾಹೇಬ್, ಬದಲಿವಾಲೇ ರಹ್ ಗಯೇ," ಎಂದರು. ಬದಲಿಯವರ ಹೆಸರುಗಳು ಪಟ್ಟಿಯಲ್ಲಿ ಬಿಟ್ಟುಹೋಗಿವೆಯಂತೆ.

ಕಾಯಂ ಕೆಲಸಗಾರ ಬಾರದ ದಿನ, ಗೇಟಿನಲ್ಲಿ ಕಾದು ನಿಂತವರಲ್ಲಿ ಒಬ್ಬನನ್ನು ಒಳಗೆ ಕರೆಯುವುದು ಅಲ್ಲಿನ ಪದ್ಧತಿ. ಅವನೇ ಬದಲಿ. ಬಾರದವನ ಟೋಕನ್ ಹಿಡಿದೇ ಅವನು ದುಡಿಯುತ್ತಿದ್ದ. ಯಂತ್ರಕ್ಕೆ ಗೊತ್ತಿದ್ದದ್ದು ಟೋಕನ್ ಮಾತ್ರ. ಬದಲಿಯ ಹೆಸರು ಹಾಜರಿ ಪುಸ್ತಕದ ಅಂಚಿನಲ್ಲಿ, ಪೆನ್ಸಿಲಿನಲ್ಲಿ. ಕಾಕಾ ಅವನ್ನೂ ಹುಡುಕಿ ಸೇರಿಸುತ್ತಿದ್ದರಿಂದ ಅವರ ಪಟ್ಟಿಗಳು ಯಾವಾಗಲೂ ಉದ್ದ. ನಾನದನ್ನು ಮುದುಕನ ಕಣ್ತಪ್ಪು ಎಂದುಕೊಂಡಿದ್ದೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆವತ್ತು ಕೇಳುವ ತಾಳ್ಮೆ ಎಲ್ಲಿತ್ತು?

"ಮಷೀನ್ ಕಿಸೀಕೋ ನಹೀ ಛೋಡ್ತಾ, ಕಾಕಾ," ಯಂತ್ರ ಯಾರನ್ನೂ ಬಿಡುವುದಿಲ್ಲ ಎಂದುಬಿಟ್ಟೆ. ಅವರು ಪಟ್ಟಿಯ ಮೇಲೆ ಬೆರಳಾಡಿಸುತ್ತ ಕೇಳಿದರು, "ಮೇರಾ ನಾಮ್ ಆಯಾ ಕ್ಯಾ?" ಆಫೀಸಿನ ಕುರ್ಚಿ ಸವೆಸಿದವರಿಗೆ ಎಂಥ ತಪಾಸಣೆ, ನಿಮ್ಮ ಹೆಸರಿಲ್ಲ, ನಿಶ್ಚಿಂತೆಯಾಗಿರಿ ಎಂದು ನಕ್ಕೆ. ಅವರೂ ನಕ್ಕರು.

ಪಟ್ಟಿಯಲ್ಲಿದ್ದವರಿಗೆ ಮಾತ್ರ ದವಾಖಾನೆಯ ಚೀಟಿ ಹೋಯಿತು. ಕಾಕಾರನ್ನು ಟಪಾಲು ವಿಭಾಗಕ್ಕೆ ಹಾಕಿದರು. ಇನ್ನು ಬೇಡವೆಂದು ಹಾಜರಿ ಪುಸ್ತಕಗಳೂ ರದ್ದಿಗೆ ಹೋದವು. ಎರಡು ವರ್ಷದ ಮೇಲೆ, ಮೂತ್ರದಲ್ಲಿ ರಕ್ತ ಕಾಣಿಸಿ ಕಾಕಾ ಆಸ್ಪತ್ರೆ ಸೇರಿದ್ದಾರೆಂದು ಸುದ್ದಿ ಬಂತು. ಗುಮಾಸ್ತರಾಗುವ ಮೊದಲು ನಾಲ್ಕು ವರ್ಷ ಅವರು ಅದೇ ವಿಭಾಗದಲ್ಲಿ ಬದಲಿಯಾಗಿದ್ದರಂತೆ.

ಮನೆಯಲ್ಲಿ ಹೇಳಿಕೊಂಡೆ. ಹೆಂಡತಿ, "ಅವ್ರ ಮಾತ ಒಂದೀಟ ಕೇಳಿದ್ರ ನಿಮ್ಮ ಗಂಟೇನ್ ಹೋಗ್ತಿತ್ರೀ?" ಎಂದಳು.

ಆಸ್ಪತ್ರೆಗೆ ಹೋದೆ. ಕ್ಷಮಿಸಿ ಎನ್ನುವಷ್ಟರಲ್ಲಿ ಕಾಕಾ ಕಾಗದ ತೆಗೆಯುವಂತೆ ಸನ್ನೆ ಮಾಡಿ, ಬದಲಿಯವರ ಹೆಸರುಗಳನ್ನು ನೆನಪಿನಿಂದಲೇ ಒಂದೊಂದಾಗಿ ಹೇಳತೊಡಗಿದರು. ನಡುನಡುವೆ ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದರು... ಮೂರು ದಿನ ಕೂತು ಬರೆದುಕೊಂಡೆ. ಅವರನ್ನೆಲ್ಲ ಕರೆಸಿದೆವು. ಇಬ್ಬರಲ್ಲಿ ರೋಗ ಮೊದಲ ಹಂತದಲ್ಲೇ ಸಿಕ್ಕಿ ಬದುಕಿಕೊಂಡರು. ಕಾಕಾ ಆ ದೀಪಾವಳಿಯನ್ನು ಕಾಣಲಿಲ್ಲ.

ಇದ್ದಿದ್ದರೆ ಅವರಿಗೆ ಈಗ ಎಂಬತ್ತು ದಾಟಿರುತ್ತಿತ್ತು. ಹಳೆಯ ಸಹೋದ್ಯೋಗಿಗಳು ಇಂದಿಗೂ ಫೋನಿನಲ್ಲಿ ಆ ಪ್ರೋಗ್ರಾಮನ್ನು ಹೊಗಳುತ್ತಾರೆ, ನಾನು ಹೂಂ ಎನ್ನುತ್ತೇನೆ. ಕಾಕಾ ತೀರಿಕೊಂಡ ಮೇಲೆ ಅವರ ಹೆಂಡತಿ ಹೇಳಿದ್ದನ್ನು ಮಾತ್ರ ಯಾರೊಂದಿಗೂ ಆಡಿಲ್ಲ. ಪಟ್ಟಿ ಬಂದ ದಿನ ಕಾಕಾ ಮನೆಗೆ ಪೇಢೆ ತಂದಿದ್ದರಂತೆ. ಮಷೀನ್ ಯಾರನ್ನೂ ಬಿಡುವುದಿಲ್ಲವಂತೆ, ಅದರಲ್ಲಿ ನನ್ನ ಹೆಸರಿಲ್ಲ, ಬಚಾವಾದೆ ಎಂದು ತಾವೇ ಎಲ್ಲರ ಬಾಯಿಗೂ ಇಟ್ಟಿದ್ದರಂತೆ.