ಮುಗಿಯುವ ಕ್ಲಬ್ಬಿಗೊಂದು ಮೈಸೂರು ಪೇಟ

ಹೊಸಕೋಟೆಯಿಂದ ಬೂದಿಗೆರೆ ಮೇಲೆ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಯವನು ಸಾವಿರ ರೂಪಾಯಿ ಕೇಳಿದ. ಎಂಟುನೂರಕ್ಕೆ ಒಪ್ಪಿಸಿ ಹತ್ತಿ ಕೂತೆ. ತೊಡೆಯ ಮೇಲೆ ಒಂದು ರಟ್ಟಿನ ಡಬ್ಬಿ ಇತ್ತು. ಒಳಗೆ ಮೈಸೂರು ಪೇಟ, ಜರಿ ಅಂಚಿನ ಶಾಲು, ಗಂಧದ ಹಾರ. ಅವನು ಕನ್ನಡಿಯಲ್ಲಿ ಡಬ್ಬಿಯನ್ನೇ ನೋಡುತ್ತಾ ಬಂದು, ಬೂದಿಗೆರೆ ದಾಟಿದ ಮೇಲೆ ತಡೆಯಲಾರದೆ ಕೇಳಿದ.

“ಯಾರಿಗೆ ಗುರು ಸನ್ಮಾನ? ಎಮ್ಮೆಲ್ಲೆಗಾ?”

ಫಿಲಿಪೀನ್ಸ್ ದೇಶದ ಒಬ್ಬ ಫುಟ್‌ಬಾಲ್ ಕೋಚಿಗೆ ಎಂದೆ. ಅವನು ಕನ್ನಡಿ ತಿರುಗಿಸಿ ರೇಡಿಯೋ ಜೋರು ಮಾಡಿದ. ಗೇಲಿ ಮಾಡಿದೆ ಅಂದುಕೊಂಡಿರಬೇಕು.

ನಾನು ಹೇಳಿದ್ದು ನಿಜವೇ. ನನ್ನ ತಮ್ಮ ಮಂಜುನಾಥ ಅಲ್ಲಿನ ಒಂದು ಕ್ಲಬ್ಬಿನಲ್ಲಿ ಗೋಲ್‌ಕೀಪರ್. ಸಂಬಳಕ್ಕೆ ಆಡುವ ಕ್ಲಬ್ಬು, ದೇಶದ ದೊಡ್ಡ ಲೀಗಿನದು. ನನಗೆ ಹೊಸಕೋಟೆ ಪಕ್ಕದ ಪಿಲ್ಲಗುಂಪೆಯಲ್ಲಿ ಕಬ್ಬಿಣದ ಬಿಡಿಭಾಗ ಕಡೆಯುವ ಒಂದು ಲೇತ್ ಶೆಡ್ಡಿದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಕಾರ್ಖಾನೆ ಸೇರಿದವನು, ಇವತ್ತು ನನ್ನ ಕೈಕೆಳಗೆ ಆರು ಜನ ದುಡಿಯುತ್ತಾರೆ. ಯಾರ ಹತ್ತಿರವೂ ಕೈ ಚಾಚದೆ ಮಾಡಿದ್ದು. ಆದರೆ ತಮ್ಮ ಆಡುವುದನ್ನು ಮಾತ್ರ ಒಂದು ಸಲವೂ ಕಣ್ಣಾರೆ ನೋಡಿರಲಿಲ್ಲ. ಅವನು ಬೆಂಗಳೂರಿನಲ್ಲಿ ಆಡುತ್ತಿದ್ದ ಕಾಲದಲ್ಲಿ ನನಗೆ ಭಾನುವಾರವೂ ಕೆಲಸ. ಅವನು ಗೋವಾಕ್ಕೆ ಹೋದ, ಕೋಲ್ಕತ್ತಾಗೆ ಹೋದ, ಕೊನೆಗೆ ಸಮುದ್ರ ದಾಟಿದ. ನಾನು ಫೋಟೋದಲ್ಲೇ ನೋಡುತ್ತಾ ಬಂದೆ.

ಈ ಸಲ ಹೊರಡಲೇಬೇಕಾಯಿತು. ಮಂಜನ ಕ್ಲಬ್ಬು ಆ ಸೀಸನ್ನಿನಲ್ಲಿ ಒಂದೇ ಒಂದು ಆಟ ಗೆದ್ದಿತ್ತು. ದುಡ್ಡು ಹಾಕಿದ್ದವರು ಕೈಬಿಟ್ಟಿದ್ದರು, ಕೊನೆಯ ಪಂದ್ಯದ ಮರುದಿನ ಬಾಗಿಲು ಹಾಕುವುದೆಂದು ತೀರ್ಮಾನವಾಗಿತ್ತು. ಆ ಕೊನೆಯ ಪಂದ್ಯವನ್ನು ನೋಡಲು ದಕ್ಷಿಣದ ದ್ವೀಪದ ಇನ್ನೊಂದು ಕ್ಲಬ್ಬಿನಿಂದ ಒಬ್ಬರು ಬರುವವರಿದ್ದರು. ಅವರಿಗೆ ಒಬ್ಬ ಕೀಪರ್ ಬೇಕಿತ್ತು. ಅವರು ಒಪ್ಪಿದರೆ ಮಂಜನಿಗೆ ಇನ್ನೆರಡು ವರ್ಷದ ಆಟ, ಇಲ್ಲದಿದ್ದರೆ ಮೂವತ್ತೊಂದನೇ ವಯಸ್ಸಿಗೆ ಆಟ ಮುಗಿದ ಹಾಗೆ. ಇದೆಲ್ಲ ಫೋನಿನಲ್ಲಿ ಹೇಳಿ, “ಒಂದ್ಸಲ ಬಂದು ನೋಡಣ್ಣ” ಅಂದ. ಅವನು ಹಾಗೆ ಕರೆದದ್ದು ಅದೇ ಮೊದಲು.

ಬರಿಗೈಯಲ್ಲಿ ಹೋಗುವುದು ಹೇಗೆ? ತಮ್ಮನಿಗೆ ಅನ್ನ ಕೊಟ್ಟ ಕೋಚನ್ನು ನಮ್ಮ ಪದ್ಧತಿಯಂತೆ ಗೌರವಿಸಬೇಕು ಅಂತ ಹೊಸಕೋಟೆ ಪೇಟೆಯಲ್ಲಿ ನಾನೇ ಆರಿಸಿ ಪೇಟ ತಂದೆ. ನಮ್ಮಲ್ಲಿ ಮೇಷ್ಟರು ನಿವೃತ್ತರಾದರೆ, ಪಕ್ಕದ ಶೆಡ್ಡಿನವನು ಹೊಸ ಮೆಷಿನ್ ಹಾಕಿದರೆ, ಹಾಲಿನ ಡೈರಿಗೆ ಅಧ್ಯಕ್ಷರು ಬಂದರೆ, ಎಲ್ಲಕ್ಕೂ ಶಾಲು, ಪೇಟ, ಎರಡು ಮಾತು.

ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಮನಿಲಾ ತಲುಪಿದಾಗ ಅಲ್ಲಿ ಮಧ್ಯಾಹ್ನ. ನಮಗಿಂತ ಎರಡೂವರೆ ಗಂಟೆ ಮುಂದೆ ಆ ದೇಶ. ಹೊರಗೆ ಬಂದ ಕೂಡಲೇ ಒದ್ದೆ ಕಂಬಳಿ ಹೊದ್ದ ಹಾಗೆ ಸೆಕೆ ಮೈಮೇಲೆ ಬಿತ್ತು. ಮಂಜ ನಿಂತಿದ್ದ. ಸೊರಗಿದ್ದ. ಕಾಲಿಗೆ ಬೀಳಲು ಬಗ್ಗಿದವನನ್ನು ಅರ್ಧದಲ್ಲೇ ಹಿಡಿದು ಎತ್ತಿದೆ. ಡಬ್ಬಿ ಏನೆಂದು ಕೇಳಿದ, ಹೇಳಿದೆ. ಮೊದಲು ನಕ್ಕ, ಆಮೇಲೆ “ಕೋಚ್‌ಗೆ ಇಷ್ಟ ಆಗುತ್ತೆ ಬಿಡಣ್ಣ, ಈ ವರ್ಷ ಅವರಿಗೆ ಯಾರೂ ಏನೂ ಕೊಟ್ಟಿಲ್ಲ” ಅಂದ.

ಅವನ ಕ್ಲಬ್ಬಿನ ಊರು ಬಸ್ಸಿನಲ್ಲಿ ಮೂರು ಗಂಟೆ ದಾರಿ. ಇಳಿದ ಮೇಲೆ ಜೀಪ್ನಿ ಎಂಬ ಉದ್ದನೆಯ ಗಾಡಿ, ಎದುರುಬದುರು ಬೆಂಚು, ಮಂಡಿಗೆ ಮಂಡಿ ತಾಗುತ್ತದೆ. ಅಲ್ಲಿ ಕಂಡಕ್ಟರ್ ಇಲ್ಲ. ಹಿಂದೆ ಕೂತವನು ಕೊಟ್ಟ ಕಾಸು ಪಕ್ಕದವನ ಕೈಯಿಂದ ಪಕ್ಕದವನ ಕೈಗೆ ದಾಟಿ ಡ್ರೈವರನ್ನು ಮುಟ್ಟುತ್ತದೆ, ಚಿಲ್ಲರೆಯೂ ಹಾಗೇ ವಾಪಸ್ಸು ಬರುತ್ತದೆ. ಯಾರೂ ಮೋಸ ಮಾಡುವುದಿಲ್ಲ. ದಾರಿಯುದ್ದಕ್ಕೂ ತಗಡಿನ ಮನೆ, ತೆಂಗು, ಬಟ್ಟೆ ಒಣಗುವ ಹಗ್ಗ, ಎಲ್ಲದರ ಮೇಲೂ ಬೂದಿ ಬಣ್ಣದ ಆಕಾಶ. ಮಳೆ ಬರುವುದೂ ಇಲ್ಲ, ಬಿಡುವುದೂ ಇಲ್ಲ ಅನ್ನುವ ಹಾಗಿತ್ತು.

ಆಟಗಾರರ ಬಿಡಾರ ಒಂದು ಹಳೆಯ ಎರಡಂತಸ್ತಿನ ಕಟ್ಟಡ. ಗೋಡೆಯಲ್ಲಿ ಹೋದ ವರ್ಷದ ತಂಡದ ಚಿತ್ರ ಇತ್ತು, ಈ ವರ್ಷದ್ದು ಇರಲಿಲ್ಲ. ಮಂಜನ ಕೋಣೆಯಲ್ಲಿ ಒಂದು ಮಂಚ, ಒಂದು ಫ್ಯಾನು, ಕಿಟಕಿಯಲ್ಲಿ ಒಣಗಲು ಸಿಕ್ಕಿಸಿದ ಗ್ಲೌಸು. ಮಂಚ ನನಗೆ ಬಿಟ್ಟು ಅವನು ನೆಲದ ಮೇಲೆ ಮಲಗಿದ. ನಾಡಿದ್ದು ಆಟ ಆಡುವವನು ನೆಲದ ಮೇಲೆ ಮಲಗಬಾರದು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ.

ಮರುದಿನ ಬೆಳಗ್ಗೆ ಅಭ್ಯಾಸ ನೋಡಲು ಹೋದೆ. ಕೋಚ್ ರಾಮೋನ್ ಅಂತ, ಅರವತ್ತು ದಾಟಿದ, ಕುಳ್ಳಗಿನ, ಮಿತಭಾಷಿ ಮನುಷ್ಯ. ಸೋತು ಸೋತು ಸುಸ್ತಾದ ಹುಡುಗರು ಅಂದುಕೊಂಡಿದ್ದೆ, ಆದರೆ ಅವತ್ತು ಅವರು ಓಡಿದ ರೀತಿಯೇ ಬೇರೆ. ಜೋಯೆಲ್ ಎಂಬ ಎತ್ತರದ ಹುಡುಗ ಮಂಜನ ಮುಂದೆ ಗೋಡೆಯ ಹಾಗೆ ನಿಲ್ಲುತ್ತಿದ್ದ. ಮಂಜ ಕೂಗಿದರೆ ಸಾಕು, ಹಿಂದೆ ನೋಡದೆ ಸರಿಯಾದ ಜಾಗಕ್ಕೆ ಸರಿಯುತ್ತಿದ್ದ. ಕೊನೆಯ ಆಟ ಗೆದ್ದರೆ ಪಟ್ಟಿಯಲ್ಲಿ ಕಡೇ ಸ್ಥಾನ ತಪ್ಪುತ್ತದೆ, ಬರುವ ವರ್ಷಕ್ಕೆ ಹೊಸಬರು ದುಡ್ಡು ಹಾಕಬಹುದು ಅಂತ ಜೋಯೆಲ್ ನನ್ನ ಹತ್ತಿರ ಬಂದು ಹೇಳಿದ. ಅವನಿಗೆ ಹೆಂಡತಿ, ಒಂದು ವರ್ಷದ ಮಗು. ಬರುವ ವರ್ಷ ಅಂತ ಯಾಕೆ ಹೇಳುತ್ತಿದ್ದಾನೆ ಅನ್ನುವುದು ಆಗ ನನ್ನ ತಲೆಗೆ ಹೋಗಲಿಲ್ಲ. ಇಂಗ್ಲಿಷಿನಲ್ಲಿ ಏನೋ ತಪ್ಪಿ ಆಡಿರಬೇಕು ಅಂದುಕೊಂಡೆ.

ಮಧ್ಯಾಹ್ನ ಎಲ್ಲರಿಗೂ ಒಟ್ಟಿಗೆ ಊಟ. ಅನ್ನ, ಹುಣಸೆಹಣ್ಣಿನ ಹುಳಿಯಲ್ಲಿ ಬೇಯಿಸಿದ ಮೀನಿನ ಸಾರು. ಖಾರ ಒಂದು ಚೂರೂ ಇಲ್ಲ, ಬರೀ ಹುಳಿ. ಊಟದ ನಡುವೆ ನಾನು ಎದ್ದು ಡಬ್ಬಿ ತೆಗೆದೆ. ನಾನು ಇಂಗ್ಲಿಷಿನಲ್ಲಿ ಹೇಳ್ತೀನಿ, ನೀನು ಕನ್ನಡದಲ್ಲೇ ಮಾತಾಡು ಅಂದ ಮಂಜ. ನನಗೆ ಅದು ಸರಿ ಬರಲಿಲ್ಲ.

“ಯಾಕಪ್ಪಾ, ನನಗೆ ಇಂಗ್ಲಿಷ್ ಬರಲ್ವಾ? ಜರ್ಮನಿಯವರು ಶೆಡ್ಡಿಗೆ ಬಂದ್ರೆ ಯಾರು ಮಾತಾಡೋದು, ನೀನಾ?”

ಕೋಚಿಗೆ ಶಾಲು ಹೊದಿಸಿದೆ, ಹಾರ ಹಾಕಿದೆ, ಪೇಟ ಇಟ್ಟೆ. ಅಳತೆ ಸ್ವಲ್ಪ ದೊಡ್ಡದಾಗಿ ಹುಬ್ಬಿನವರೆಗೂ ಇಳಿಯಿತು. ಹುಡುಗರು ಮೇಜು ಬಡಿದು ಕೇಕೆ ಹಾಕಿದರು, ರಾಜ ರಾಜ ಅಂದರು. ಆ ಮನುಷ್ಯನ ಕಣ್ಣು ಒದ್ದೆಯಾಗಿತ್ತು. ಅಷ್ಟಕ್ಕೇ ಕೂತಿದ್ದರೆ ಚೆನ್ನಾಗಿತ್ತು. ಆದರೆ ಎರಡು ಮಾತಿಲ್ಲದೆ ಸನ್ಮಾನ ಮುಗಿಯುವುದು ನಮ್ಮಲ್ಲಿ ಉಂಟೇ? ನನಗೆ ಬಂದ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದೆ. ನಾಳೆಗೆ ಈ ಕ್ಲಬ್ಬು ಮುಗಿಯುತ್ತದೆ, ನಾಡಿದ್ದಿನಿಂದ ಬಾಗಿಲು ಬಂದ್. ಮುಚ್ಚುವ ಅಂಗಡಿಯನ್ನು ಯಾರೂ ಗುಡಿಸುವುದಿಲ್ಲ, ಕೋಚ್ ಸರ್ ಕೊನೆಯ ದಿನದವರೆಗೂ ಗುಡಿಸಿದರು, ಅದಕ್ಕೆ ನಮ್ಮೂರಿನ ಪರವಾಗಿ ಈ ಗೌರವ ಎಂದೆ.

ಚಪ್ಪಾಳೆಗೆ ಕಾದೆ. ಒಬ್ಬನೂ ತಟ್ಟಲಿಲ್ಲ.

ಮಂಜ ತಟ್ಟೆ ನೋಡುತ್ತಿದ್ದ. ಜೋಯೆಲ್ ಚಮಚ ಕೆಳಗಿಟ್ಟು ಕೋಚನ್ನು ಏನೋ ಕೇಳಿದ, ಅವರ ಭಾಷೆಯಲ್ಲಿ, ಎರಡೇ ಶಬ್ದ. ಅರ್ಥವಾಗಲು ಭಾಷೆ ಬೇಕಿರಲಿಲ್ಲ. ಪೇಟ ತೆಗೆದರೆ ನನಗೆ ಅವಮಾನ ಅಂತಲೋ ಏನೋ, ಕೋಚ್ ಅದನ್ನು ತಲೆಯ ಮೇಲಿಟ್ಟುಕೊಂಡೇ ಎದ್ದು ನಿಂತರು. ತುಂಬ ಹೊತ್ತು ಮೆಲ್ಲಗೆ ಮಾತಾಡಿದರು. ಒಬ್ಬೊಬ್ಬರಾಗಿ ಹುಡುಗರು ಎದ್ದು ಹೋದರು. ತಟ್ಟೆಗಳಲ್ಲಿ ಸಾರು ಹಾಗೇ ಉಳಿಯಿತು.

ಆಮೇಲೆ ಮಂಜ ಹೇಳಿದ. ಕ್ಲಬ್ಬು ಮುಚ್ಚುವುದು ಕೋಚಿಗೆ ಗೊತ್ತಿತ್ತು, ಪರದೇಶದವನಾದ್ದರಿಂದ ವೀಸಾ ವಿಷಯಕ್ಕೆ ಇವನಿಗೊಬ್ಬನಿಗೆ ತಿಳಿಸಿದ್ದರು. ಉಳಿದವರಿಗೆ ಪಂದ್ಯ ಮುಗಿದ ಮೇಲೆ ಹೇಳೋಣ, ಅಲ್ಲಿಯವರೆಗೆ ಅವರ ಕಾಲಲ್ಲಿ ಜೀವ ಇರಲಿ ಅಂದಿದ್ದರು. ನೋಡಲು ಬರುವವರ ಮುಂದೆ ಮಂಜನೊಬ್ಬನೇ ಅಲ್ಲ, ಇನ್ನೊಂದಿಬ್ಬರೂ ಕಣ್ಣಿಗೆ ಬೀಳಲಿ ಅನ್ನುವ ಆಸೆ ಅವರದು.

“ಹೇಳ್ಬೇಡ ಅಂತ ನೀನು ಒಂದು ಮಾತು ಹೇಳ್ಬಾರ್ದಿತ್ತಾ?” ಎಂದೆ.

“ನೀನು ಇವರ ಮುಂದೆ ಕ್ಲಬ್ಬು ಮುಚ್ಚೋ ಮಾತು ಎತ್ತುತ್ತೀಯ ಅಂತ ನಂಗೇನು ಗೊತ್ತಣ್ಣ” ಅಂದ. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಪಂದ್ಯದ ದಿನ ಬೆಳಗ್ಗೆ ಜೋಯೆಲ್‌ನ ಕೋಣೆ ಖಾಲಿ. ಅವನ ಮಾವ ಕಟ್ಟಡದ ಕೆಲಸ ಗುತ್ತಿಗೆ ಹಿಡಿಯುತ್ತಾನಂತೆ, ಅಲ್ಲಿ ಜಾಗ ಇದೆಯೇ ಅಂತ ಕೇಳಲು ಮೊದಲ ಬಸ್ಸಿಗೇ ಊರಿಗೆ ಹೋಗಿಬಿಟ್ಟಿದ್ದ. ಅವನದು ತಪ್ಪು ಅನ್ನುವುದಕ್ಕೆ ನನ್ನಿಂದ ಆಗುವುದಿಲ್ಲ. ಮಗು ಇರುವವನು ಮೊದಲು ಕೆಲಸ ನೋಡಿಕೊಳ್ಳಬೇಕು, ನಾನಾದರೂ ಅದನ್ನೇ ಮಾಡುತ್ತಿದ್ದೆ.

ಮೈದಾನ ನಗರಸಭೆಯದು. ಹತ್ತು ಸಾವಿರ ಜನ ಕೂರುವ ಜಾಗದಲ್ಲಿ ಇನ್ನೂರು ಜನರೂ ಇರಲಿಲ್ಲ. ಸಂಜೆ ನಾಲ್ಕು ಗಂಟೆ, ಗಾಳಿ ಅಲುಗುತ್ತಿರಲಿಲ್ಲ. ನನಗಿಂತ ಎರಡು ಸಾಲು ಮುಂದೆ ಬಿಳಿ ಟೋಪಿಯ ಒಬ್ಬರು ಬಂದು ಕೂತರು. ದಕ್ಷಿಣದ ಕ್ಲಬ್ಬಿನವರು ಅವರೇ ಎಂದು ಮಂಜ ಮೈದಾನದಿಂದಲೇ ಗದ್ದ ಎತ್ತಿ ತೋರಿಸಿದ.

ಮೊದಲ ಅರ್ಧದಲ್ಲಿ ಹೇಗೋ ನಿಂತರು. ಬಲಗಡೆ ಮೂಲೆಗೆ ಹೋಗುತ್ತಿದ್ದ ಒಂದು ಚೆಂಡನ್ನು ಮಂಜ ಹಾರಿ ಬೆರಳ ತುದಿಯಿಂದ ತಳ್ಳಿದ. ಬಿದ್ದವನು ಏಳುವಷ್ಟರಲ್ಲಿ ಇನ್ನೊಂದು ಬಂತು, ಅದನ್ನು ಎದೆಗೆ ತಡೆದ. ಬಿಳಿ ಟೋಪಿ ಮುಂದೆ ಬಾಗಿ ಕೂತಿತು. ಇಷ್ಟು ವರ್ಷ ನಾನು ಫೋಟೋದಲ್ಲಿ ನೋಡಿದ್ದು ನಿಂತಿರುವ ಮಂಜನನ್ನು. ಅವನು ನೆಲ ಬಿಟ್ಟು ಏಳುವುದನ್ನು ನೋಡಿದ್ದು ಅವತ್ತೇ.

ಎರಡನೇ ಅರ್ಧದಲ್ಲಿ ಹುಡುಗರ ಕಾಲು ನಿಂತವು. ಸುಸ್ತಲ್ಲ ಅದು, ಸುಸ್ತು ನನಗೆ ಗೊತ್ತು. ಮುಚ್ಚುವ ಕಾರ್ಖಾನೆಯಲ್ಲಿ ಕೊನೆಯ ಪಾಳಿಯವರು ಹಾಗೆ ನಡೆಯುತ್ತಾರೆ. ಎದುರಿನವರು ಜೋಯೆಲ್ ಇರಬೇಕಾಗಿದ್ದ ಜಾಗದಿಂದಲೇ ನುಗ್ಗಿ ನುಗ್ಗಿ ಬಂದರು. ಮಂಜ ಇಂಗ್ಲಿಷಿನಲ್ಲಿ ಕೂಗಿದ, ಅವರ ಭಾಷೆಯಲ್ಲಿ ಕೂಗಿದ, ಮೂರನೇ ಗೋಲು ಬಿದ್ದ ಮೇಲೆ ಕನ್ನಡದಲ್ಲೇ ಶುರು ಮಾಡಿದ.

“ಲೇ, ಹಿಂದೆ ನೋಡ್ರೋ! ಒಬ್ಬನಾದ್ರೂ ಹಿಂದೆ ನೋಡ್ರೋ!”

ಅಷ್ಟು ದೊಡ್ಡ ಮೈದಾನದಲ್ಲಿ ಆ ಮಾತು ತಿಳಿದವನು ನಾನೊಬ್ಬನೇ. ನಾನು ಕೂತಿದ್ದದ್ದು ಬೇಲಿಯ ಈಚೆ.

ಬಿಳಿ ಟೋಪಿಯವರು ನಾಲ್ಕನೇ ಗೋಲಿಗೆ ಕಾಯಲಿಲ್ಲ. ಅವರು ಮೆಟ್ಟಿಲು ಇಳಿಯುವಾಗ ನಾನೂ ಎದ್ದೆ. ಅವನ ತಪ್ಪಲ್ಲ ಸಾರ್, ಹುಡುಗರು ನಿನ್ನೆವರೆಗೂ ಹೀಗಿರಲಿಲ್ಲ, ಅಂತ ಹೇಳಬೇಕೆಂದು ಮಾತೆಲ್ಲ ಬಾಯಿಗೆ ಬಂದಿತ್ತು. ನಿನ್ನೆ ಮಾತಾಡಿದ್ದು ಸಾಕು ಅನ್ನಿಸಿ ಮತ್ತೆ ಕೂತೆ. ಆಟ ಮುಗಿದಾಗ ಮೈದಾನದ ನಡುವೆ ನಿಲ್ಲದೆ ಹುಡುಗರೆಲ್ಲ ನೇರ ಒಳಗೆ ಹೋದರು. ಮಂಜ ಮಾತ್ರ ಗೋಲಿನ ಒಳಗೆ ಹೋಗಿ, ಬಲೆಯಲ್ಲಿ ಸಿಕ್ಕಿಕೊಂಡಿದ್ದ ಚೆಂಡು ಬಿಡಿಸಿ, ಎದುರಿನವರ ಕೈಗೆ ಕೊಟ್ಟು ಬಂದ.

ಬಿಡಾರಕ್ಕೆ ಬಂದು ಅನ್ನ ಇಟ್ಟ. ನಾನು ತಂದಿದ್ದ ಸಾರಿನ ಪುಡಿ ಹಾಕಿ ಕುದಿಸಿದ. ಉಣ್ಣುತ್ತಾ ನಾನೇ ಮಾತು ತೆಗೆದೆ. ನನ್ನ ಜೊತೆಗೇ ಬಂದುಬಿಡು, ಶೆಡ್ಡಿನಲ್ಲಿ ಒಂದು ಲೇತ್ ಖಾಲಿ ನಿಂತಿದೆ, ಆರು ತಿಂಗಳಲ್ಲಿ ಕಲಿತುಬಿಡ್ತೀಯ ಎಂದೆ.

“ಬರ್ತೀನಣ್ಣ. ಈಗ ಬೇಡ.”

“ಇಲ್ಲಿ ಏನಿದೆ ಇನ್ನು?”

ಅನ್ನ ಕಲೆಸುವುದನ್ನು ನಿಲ್ಲಿಸಿದ. “ಏನೂ ಇಲ್ಲ. ಆದ್ರೆ ಈಗ ಬಂದ್ರೆ ನೀನು ಬಂದು ಕರ್ಕೊಂಡು ಹೋದ ಹಾಗಾಗುತ್ತೆ. ವೀಸಾ ಮುಗಿಯೋವರೆಗೆ ನಾಲ್ಕು ಕಡೆ ಕೇಳ್ತೀನಿ. ಎಲ್ಲೂ ಆಗ್ಲಿಲ್ಲ ಅಂದ್ರೆ ನಾನೇ ಬರ್ತೀನಿ, ನನ್ನ ಕಾಲ ಮೇಲೆ.”

ನನ್ನ ರಕ್ತವೇ ಅವನಲ್ಲೂ ಇದೆ. ಮತ್ತೆ ಕೇಳಲಿಲ್ಲ. ಊರಲ್ಲಿ ಕೇಳಿದವರಿಗೆ ಏನು ಹೇಳಲಿ ಅಂತ ಮಾತ್ರ ಕೇಳಿದೆ. ನೀನು ನೋಡಿದ್ದನ್ನೇ ಹೇಳು ಅಂದ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮರುದಿನ ನನ್ನನ್ನು ಮನಿಲಾಗೆ ಬಿಡಲು ಕೋಚ್ ರಾಮೋನ್ ಅವರೇ ಕ್ಲಬ್ಬಿನ ವ್ಯಾನು ತಂದರು. ಡ್ರೈವರನ್ನು ಬೆಳಗ್ಗೆಯೇ ಕೆಲಸದಿಂದ ಬಿಡಿಸಿದ್ದರಂತೆ. ಮಂಜನೂ ಜೊತೆಗೆ ಹತ್ತಿದ. ದಾರಿಯಲ್ಲಿ ಅವರು ನನ್ನ ಮೇಲೆ ಒಂದು ಬೇಸರದ ಮಾತೂ ಆಡಲಿಲ್ಲ. ಒಂದು ಕಡೆ ನಿಲ್ಲಿಸಿ ಎಳನೀರು ಕೊಡಿಸಿದರು. ಕ್ಷಮಿಸಿ ಸಾರ್ ಎಂದೆ. ಅವರು ನನ್ನ ಭುಜ ತಟ್ಟಿ, ಹೇಗೂ ಯಾರಾದರೂ ಹೇಳಲೇಬೇಕಿತ್ತು ಅಂದರು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ. ಮಂಜ ನನ್ನ ಬ್ಯಾಗು ಇಳಿಸಿ ಕೈಗೆ ಕೊಟ್ಟ. ಹುಷಾರು ಕಣೋ ಎಂದು ಒಳಗೆ ಬಂದು, ಬ್ಯಾಗು ತಪಾಸಣೆಗೆ ಹಾಕಿ ತಿರುಗಿ ನೋಡಿದೆ. ಗಾಜಿನ ಆಚೆ ವ್ಯಾನು ನಿಂತಲ್ಲೇ ನಿಂತಿತ್ತು. ಹಿಂದಿನ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು, ಪೊಲೀಸಿನವನು ಕೈ ಬೀಸುತ್ತಿದ್ದ. ಕೋಚ್ ಬಾನೆಟ್ ಎತ್ತಿ ನೋಡಿ ಮತ್ತೆ ಮುಚ್ಚಿದರು. ಬ್ಯಾಟರಿಯೋ ಸ್ಟಾರ್ಟರೋ, ಹತ್ತಿರ ಹೋಗಿದ್ದರೆ ಸದ್ದಿನಲ್ಲೇ ಹೇಳುತ್ತಿದ್ದೆ. ಬಾಗಿಲ ಕಾವಲಿನವನನ್ನು ಒಂದೈದು ನಿಮಿಷ ಬಿಡಪ್ಪಾ ಅಂತ ಕೇಳಿದೆ. ಒಳಗೆ ಬಂದವರು ಹೊರಗೆ ಹೋಗುವಂತಿಲ್ಲ ಅಂದ.

ಕೋಚ್ ಸ್ಟೇರಿಂಗ್ ಹಿಡಿದು ಬಾಗಿಲ ಪಕ್ಕದಿಂದ ತಳ್ಳಿದರು. ಮಂಜ ಹಿಂದಿನಿಂದ ಭುಜ ಕೊಟ್ಟ. ವ್ಯಾನು ಮೊದಲು ಅಲುಗಲಿಲ್ಲ, ಆಮೇಲೆ ಚೂರು ಚೂರೇ ಸರಿಯಿತು. ಗಾಜಿಗೆ ಕೈ ಕೊಟ್ಟು ನಾನು ನಿಂತಿದ್ದೆ. ಇಬ್ಬರೂ ಅದನ್ನು ತಳ್ಳಿಕೊಂಡು ಇಳಿಜಾರಿನ ತಿರುವಿನವರೆಗೆ ಹೋದರು. ಅಲ್ಲಿ ಅದು ಸ್ಟಾರ್ಟ್ ಆಯಿತೋ ಇಲ್ಲವೋ, ನನಗೆ ಕಾಣಿಸಲಿಲ್ಲ.